ಮೂರು ತಲೆಮಾರಿನ ದೋಣಿ

ಬಹಳ ಹಿಂದೆ, ಪತ್ರಿಕೆಗಳಿಗಿಂತ ಮೊದಲೇ ಪತ್ರಿಕಾ ಪ್ರಕಟಣೆಗಳು ಹುಟ್ಟಿದ್ದ ಕಾಲದಲ್ಲಿ, ಸಮರಸಾವತಿ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ನದಿ, ನದಿಗೆ ಒಂದೇ ದೋಣಿ. ಸೇತುವೆಗೆ ಪ್ರತಿ ವರ್ಷವೂ ಶಂಕುಸ್ಥಾಪನೆ ನಡೆಯುತ್ತಿತ್ತು.

ದೋಣಿಗೆ ಮೂವರು ಅಂಬಿಗರು: ಎಪ್ಪತ್ತರ ದುರುಗಜ್ಜ, ನಡುವಯಸ್ಸಿನ ಹೊನ್ನೂರಪ್ಪ, ಇಪ್ಪತ್ತರ ಶರಣ. ಅಜ್ಜ 'ಐಸಾ' ಎಂದು ಕೂಗಿದರೆ ಮೂರೂ ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುತ್ತಿದ್ದವು, ದೋಣಿ ಆಚೆ ದಡ ಸೇರುತ್ತಿತ್ತು. ಇದರಲ್ಲಿ ಯಾವ ಸಮಸ್ಯೆಯೂ ಇರಲಿಲ್ಲ. ಸಮಸ್ಯೆ ಶುರುವಾದದ್ದು ಅರಮನೆಯಲ್ಲಿ.

ಮಹಾರಾಜ ವಿಜೃಂಭಣ ಭೂಪತಿಗೆ ತನ್ನ ಷಡ್ಡಕ ಚಂಪಕಸೇನನನ್ನು ಸಚಿವನನ್ನಾಗಿ ಮಾಡಬೇಕಿತ್ತು. ಇದ್ದ ಖಾತೆಗಳೆಲ್ಲ ಭಾವಮೈದುನರ ಪಾಲಾಗಿದ್ದರಿಂದ 'ತಲೆಮಾರು ಸಮನ್ವಯ ಖಾತೆ' ಸೃಷ್ಟಿಯಾಯಿತು. ಹೊಸ ಸಚಿವ ಮೊದಲ ತಪಾಸಣೆಗೆ ದೋಣಿ ಹತ್ತಿದ.

"ಏ ಶರಣ್ಯಾ, ನೀರು ಕಲಸಾಕ ಬಂದೀಯೇನು? ಎಳಿ," ಎಂದ ದುರುಗಜ್ಜ.

"ನಿನ್ನ ಬಾಯಿ ಒಂದಿದ್ರ ಸಾಕಜ್ಜಾ, ಹುಟ್ಟ ಬ್ಯಾಡ," ಎಂದ ಶರಣ.

ಅಂಬಿಗರು ಮೂವರೂ ನಕ್ಕರು. ಸಚಿವ ನಗಲಿಲ್ಲ. ಕೆಲಸದ ಸ್ಥಳದಲ್ಲಿ ತಲೆಮಾರುಗಳ ನಡುವೆ ತೀವ್ರ ಸಂಘರ್ಷವಿದೆ ಎಂದು ರಾಜಸಭೆಗೆ ತಿಳಿಸಿದ.

"ಪ್ರಭೂ, ಹಿರಿಯರಿಗೆ ಗೌರವ ಬೇಕು, ನಡುವಿನವರಿಗೆ ಮನ್ನಣೆ ಬೇಕು, ಕಿರಿಯರಿಗೆ ಸ್ವಾತಂತ್ರ್ಯ ಬೇಕು. ಮೂವರಿಗೂ ಒಂದೇ 'ಐಸಾ' ಎಂದರೆ ದಬ್ಬಾಳಿಕೆ."

"ಇದು ನಮಗೆ ಮೊದಲೇ ಗೊತ್ತಿತ್ತೆ?"

"ತಾವು ಮುಂದೆ ಹೇಳಲಿರುವುದನ್ನೇ ನಾನು ಈಗ ಹೇಳುತ್ತಿದ್ದೇನೆ, ಪ್ರಭೂ."

ರಾಜಾಜ್ಞೆ ಹೊರಟಿತು. 'ಐಸಾ' ನಿಷಿದ್ಧ. ಹಿರಿಯ ಅಂಬಿಗನು ಘನತೆಯಿಂದಲೂ, ನಡುವಿನವನು ಸಮಾಲೋಚಿಸಿಯೂ, ಕಿರಿಯನು ಪ್ರೇರಣೆ ಬಂದಾಗಲೂ ಹುಟ್ಟು ಹಾಕತಕ್ಕದ್ದು. ತಪ್ಪಿದರೆ ಮೂವರಿಗೂ ಕೆಲಸವಿಲ್ಲ. ಮೂವರ ಮೇಲ್ವಿಚಾರಣೆಗೆ ಮೂವರು ವ್ಯವಸ್ಥಾಪಕರು ನೇಮಕಗೊಂಡು, ದೋಣಿಯಲ್ಲಿ ಒಳ್ಳೆಯ ಜಾಗಗಳಲ್ಲಿ ಕುಳಿತರು.

ತುಂಬು ಬಸುರಿ ಕೆಂಚವ್ವ ಹೆರಿಗೆಗೆ ಆಚೆ ದಡದ ತವರಿಗೆ ಹೋಗಬೇಕಿತ್ತು. ಸೂಲಗಿತ್ತಿ ಇದ್ದದ್ದೂ ಅಲ್ಲೇ. ಜಾಗ ಸಿಗದೆ ಎರಡು ದಿನ ಕಾದು, ಕೊನೆಗೆ ಅತ್ತೆಯ ಜೊತೆ ದೋಣಿ ಹತ್ತಿದಳು. ನಡುನೀರಿನಲ್ಲಿ ದೋಣಿ ಗಿರಗಿರನೆ ತಿರುಗತೊಡಗಿತು.

"ಅಜ್ಜಾ, ಆ ಆಲದ ಗಿಡ ಮತ್ತ ಬಂತಲ್ಲ," ಎಂದಳು ಅತ್ತೆ. "ಸೊಸಿಗೆ ಬ್ಯಾನಿ ಸುರು ಆಗ್ಯಾವ. ಒಂದ ಸಲ ಕೂಗಪ್ಪಾ."

ಅಜ್ಜ ಬಾಯಿ ತೆರೆದ. "ಹಿರಿಯರೇ, ಕಿರಿಯರ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ," ಎಂದ ಅವನ ವ್ಯವಸ್ಥಾಪಕ.

"ಕೂಗಜ್ಜಾ, ನನಗೇನೂ ಆಗಂಗಿಲ್ಲ," ಎಂದ ಶರಣ.

"ನಿಮ್ಮ ತಲೆಮಾರಿನ ಪರವಾಗಿ ನೀವು ಮಾತನಾಡುವಂತಿಲ್ಲ. ಅದಕ್ಕೆ ನಾನಿದ್ದೇನೆ," ಎಂದ ಶರಣನ ವ್ಯವಸ್ಥಾಪಕ.

ಹೊನ್ನೂರಪ್ಪನ ವ್ಯವಸ್ಥಾಪಕ ಸಮಾಲೋಚನೆ ಆರಂಭಿಸಿದ. ಅದು ಮುಗಿಯುವ ಮೊದಲೇ, ಸೂಲಗಿತ್ತಿಯಿಲ್ಲದೆ, ಅತ್ತೆಯ ಸೀರೆಯ ಮರೆಯಲ್ಲಿ ಕೆಂಚವ್ವನಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ಜೋರಾಗಿ ಅತ್ತಿತು. ಅಂಬಿಗರ ತೋಳುಗಳು ರೂಢಿಬಲದಿಂದ ಒಟ್ಟಿಗೆ ಎಳೆದವು. ಮತ್ತೆ ಅತ್ತಿತು, ಮತ್ತೆ ಎಳೆದರು. ಹಾಗೆ ದೋಣಿ ಆಚೆ ದಡ ಮುಟ್ಟಿತು.

ಮೂರು ತಲೆಮಾರುಗಳೊಂದಿಗೆ ಹೊರಟ ದೋಣಿ ನಾಲ್ಕರೊಂದಿಗೆ ದಡ ಸೇರಿದ್ದು ಇಲಾಖೆಯ ಸಾಧನೆ ಎಂದು ಅರಮನೆಯ ಪ್ರಕಟಣೆ ತಿಳಿಸಿತು. ಚಂಪಕಸೇನನಿಗೆ 'ತಲೆಮಾರುರತ್ನ' ಬಿರುದು ಸಂದಿತು. ನಾಲ್ಕನೆಯ ತಲೆಮಾರಿಗೂ ಒಬ್ಬ ವ್ಯವಸ್ಥಾಪಕ, ಅವನಿಗೊಂದು ಮೆತ್ತೆ, ಮೆತ್ತೆ ಹಾಸಲು ಇಬ್ಬರು ಸಹಾಯಕರು ಮಂಜೂರಾದರು.

ದೋಣಿಯಲ್ಲಿ ಈಗ ಪ್ರಯಾಣಿಕರಿಗೆ ಜಾಗವಿಲ್ಲ. ಕೆಂಚವ್ವ ಗಂಡನ ಊರಿಗೆ ಮರಳಲಾಗದೆ ಮಗುವಿನೊಂದಿಗೆ ತವರಿನಲ್ಲೇ ಇದ್ದಾಳೆ, ಬಾಣಂತಿ ಈಜಲಾರಳು. ಉಳಿದ ಪ್ರಜೆಗಳು ಎಂದಿನಂತೆ ದುಡ್ಡು ಕೊಟ್ಟು ಚೀಟಿ ಪಡೆದು, ಒದ್ದೆಯಾಗದಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಿರುಗುವ ದೋಣಿಯನ್ನು ಸುತ್ತುಹಾಕಿ ಈಜುತ್ತಾರೆ. ಯೋಜನೆಯ ವಿರುದ್ಧ ಈವರೆಗೆ ಯಾರೊಬ್ಬರೂ ಬಾಯಿ ಬಿಟ್ಟಿಲ್ಲ ಎಂದು ಇಲಾಖೆ ಖಚಿತಪಡಿಸಿದೆ.