ಎಂಟು ಬೆಳೆಯ ವಿಚ್ಛೇದನ

ನನ್ನ ಚಿಕ್ಕಪ್ಪ ಸುಳ್ಳು ಹೇಳುವುದಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಇದು ದೂರು. ಸುಳ್ಳು ಹೇಳದ ಮನುಷ್ಯನ ಜೊತೆ ನೀವು ಎಂದಾದರೂ ಸಾವಿನ ಮನೆಗೆ ಹೋಗಿದ್ದೀರಾ? ನಾನು ಹೋಗಿದ್ದೇನೆ. ಎಲ್ಲರೂ ಸತ್ತವರನ್ನು ದೇವರಂಥವರು ಎಂದು ಕೊಂಡಾಡುತ್ತಿದ್ದರೆ ಚಿಕ್ಕಪ್ಪ, "ದೇವರಂಥೋರೇನಲ್ಲ, ಆದ್ರೆ ಎತ್ತುಗಳನ್ನ ಚೆನ್ನಾಗಿ ನೋಡ್ಕೊಂತಿದ್ರು" ಎಂದು ತಿದ್ದಿದರು. ತಾವು ಹೆಣ್ಣು ನೋಡಲು ಹೋದಾಗ, ಯಾರೂ ಏನೂ ಕೇಳುವ ಮೊದಲೇ, ಮನೆಯ ಒಂದು ಮೂಲೆ ಸೋರುತ್ತದೆ, ಮುಂದಿನ ಹಲ್ಲು ಕಟ್ಟಿಸಿದ್ದು ಎಂದು ಒಪ್ಪಿಸಿಬಿಟ್ಟರಂತೆ. ಬಾಗಿಲ ಹಿಂದಿದ್ದ ಹುಡುಗಿ ಅದನ್ನು ಕೇಳಿ ನಕ್ಕಳಂತೆ, ಆಗಲೇ ಒಪ್ಪಿದಳಂತೆ. ಇಷ್ಟೊಂದು 'ಅಂತೆ' ಏಕೆಂದರೆ, ಆ ಹುಡುಗಿ, ಅಂದರೆ ನಮ್ಮ ಚಿಕ್ಕಮ್ಮ, ತಾವು ನಕ್ಕಿದ್ದು ಬೆಕ್ಕು ಹಾಲಿನ ಪಾತ್ರೆಗೆ ತಲೆ ಸಿಕ್ಕಿಸಿಕೊಂಡದ್ದಕ್ಕೆ ಎನ್ನುತ್ತಾರೆ. ನಮ್ಮ ಮನೆಯ ನೆನಪುಗಳಿಗೆ ಸಾಕ್ಷಿ ಸಿಗುವುದು ಕಷ್ಟ.

ಇಂಥವರಿಗೆ ವಿಚ್ಛೇದನ ಯಾಕಾಯಿತು ಎಂದು ಕೇಳುತ್ತೀರಾ? ಹೊಸ ಸೀರೆ ಉಟ್ಟು ಬಂದು ಹೇಗಿದೆ ಎಂದ ಹೆಂಡತಿಗೆ "ಬಾಡಿದ ಸೊಪ್ಪಿನ ಬಣ್ಣ" ಎಂದರೆ ಇನ್ನೇನಾಗುತ್ತದೆ! ಒಂದು ಸಲವಾದರೆ ತಮಾಷೆ. ಹಬ್ಬ ಹಬ್ಬಕ್ಕೂ ಆದರೆ?

"ಜಗಳ ಅಂತ ಏನೂ ಇಲ್ಲ ಕಣಪ್ಪ," ಎಂದಿದ್ದರು ಚಿಕ್ಕಮ್ಮ ನನಗೆ. "ಹೊಡ್ದಿಲ್ಲ, ಬೈದಿಲ್ಲ. ಆದ್ರೆ ಸುಳ್ಳಿಗಾದ್ರೂ ಒಂದು ಒಳ್ಳೇ ಮಾತು ಬೇಡ್ವಾ ಮನುಷ್ಯರಿಗೆ?"

ಅವರು ಜಂಗಮಕೋಟೆಯ ಮನೆ ಬಿಟ್ಟು ಶಿಡ್ಲಘಟ್ಟದ ತವರಿಗೆ ಹೋದರು. ಕೆಲವು ಕಾಲದ ಮೇಲೆ ಚಿಂತಾಮಣಿಯ ಒಬ್ಬ ಟೈಲರು, ಹೆಂಡತಿ ತೀರಿಕೊಂಡಿದ್ದವರು, ಚಿಕ್ಕಮ್ಮನನ್ನು ಮದುವೆಯಾಗುತ್ತೇನೆಂದು ಕೇಳಿಸಿದರು. ಮಾತು ಬಲ್ಲ ಮನುಷ್ಯ. ಚಿಕ್ಕಮ್ಮನಿಗೂ ಮನಸ್ಸಿತ್ತು. ವಿಷಯ ತಿಳಿದ ಚಿಕ್ಕಪ್ಪ, "ಹೊಲಿಗೆ ಒಂಚೂರು ವಾರೆ. ಆದ್ರೆ ಆಳು ಒಳ್ಳೇವ್ನು" ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಇಬ್ಬರೂ ಕೂಡಿ ವಿಚ್ಛೇದನದ ಅರ್ಜಿ ಹಾಕುವುದೆಂದಾಯಿತು. ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆತನದಲ್ಲಿ ಸ್ಕೂಟರು ಇದ್ದದ್ದು ನನಗೊಬ್ಬನಿಗೆ, ಹಾಗಾಗಿ ಕೋರ್ಟಿನ ಓಡಾಟ ನನ್ನ ಪಾಲಿಗೆ ಬಂತು.

ಚಿಕ್ಕಬಳ್ಳಾಪುರದಲ್ಲಿದ್ದ ನಮ್ಮ ವಕೀಲರು ಗೌರಿಬಿದನೂರು ಕಡೆಯವರು, ರಾಗಿ, ಕಡಲೆಕಾಯಿ ಬೆಳೆಯುವ ಮನೆಯವರು. ಇಬ್ಬರೂ ಒಪ್ಪಿ ಹಾಕುವ ಅರ್ಜಿ, ಮದುವೆ ಮಾಡಿಸುವುದಕ್ಕಿಂತ ಸುಲಭ ಎಂದು ಧೈರ್ಯ ಹೇಳಿದರು. ಇಂಗ್ಲಿಷಿನಲ್ಲಿ ಅರ್ಜಿ ಸಿದ್ಧವಾಯಿತು. ತೋರಿಸಿದ ಕಡೆ ಇಬ್ಬರೂ ಸಹಿ ಹಾಕಿದರು.

ಅರ್ಜಿ ಓದಿದ ಜಡ್ಜು ಕನ್ನಡಕ ತೆಗೆದು, "ಇವರು ಮದುವೆಗೆ ಮೂರು ವರ್ಷ ಮೊದಲೇ ಬೇರೆಯಾಗಿದ್ದಾರಲ್ಲ, ವಕೀಲರೇ" ಎಂದರು. ನಿಜ ಹೇಳಬೇಕೆಂದರೆ ನಾನಾಗ ಹೊರಗೆ ಸ್ಕೂಟರಿನ ಪಕ್ಕ ನಿಂತಿದ್ದೆ. ಆದರೂ ಎಷ್ಟು ಸಲ ಹೇಳಿದ್ದೇನೋ ಅಷ್ಟು ಸಲವೂ ಆ ಜಡ್ಜಿನ ಕನ್ನಡಕ ತೆಗೆಸಿದ್ದೇನೆ. ಅವರಿಗೆ ಕನ್ನಡಕ ಇತ್ತೇ? ಗೊತ್ತಿಲ್ಲ.

ಆದದ್ದಿಷ್ಟು. ನಮ್ಮ ಚಿಕ್ಕಪ್ಪನ ಪಂಚಾಂಗ ರೇಷ್ಮೆಹುಳದ ತಟ್ಟೆಯಲ್ಲಿದೆ. ಅವರ ತಾಯಿ ತೀರಿಕೊಂಡದ್ದು ಹುಳಕ್ಕೆ ರೋಗ ಬಂದ ಬೆಳೆಯಲ್ಲಿ. ನಾನು ಹುಟ್ಟಿದ್ದು ಗೂಡಿಗೆ ಒಳ್ಳೆಯ ರೇಟು ಸಿಕ್ಕ ಬೆಳೆಯಲ್ಲಿ. ಬೇರೆಯಾಗಿ ಎಷ್ಟು ಕಾಲವಾಯಿತು ಎಂದು ವಕೀಲರು ಕೇಳಿದಾಗ, "ಎಂಟು ಬೆಳೆ ಹುಳ ತೆಗೆದೆ ಸಾರ್ ಒಬ್ಬನೇ" ಎಂದಿದ್ದರು. ಹುಳ ವರ್ಷಕ್ಕೆ ಐದು ಬೆಳೆ ಬರುತ್ತದೆ ಎನ್ನುವುದು ಜಂಗಮಕೋಟೆಯ ಮಕ್ಕಳಿಗೂ ಗೊತ್ತು. ರಾಗಿಯ ಮನೆಯ ವಕೀಲರು ಮಾತ್ರ ಹುಳವೂ ರಾಗಿಯಂತೆ ವರ್ಷಕ್ಕೊಂದೇ ಸಲ ಎಂದುಕೊಂಡು, ಎಂಟು ವರ್ಷ ಎಂದು ಬರೆಸಿಬಿಟ್ಟರು. ಮದುವೆಯ ತಾರೀಕನ್ನೋ ಲಗ್ನಪತ್ರಿಕೆ ನೋಡಿ ಸರಿಯಾಗಿಯೇ ಬರೆಸಿದ್ದರು!

ತಾವು ಸುಳ್ಳಿಗೆ ಸಹಿ ಹಾಕಿದೆವೆಂದು ಚಿಕ್ಕಪ್ಪ ಆ ದಿನ ಊಟ ಬಿಟ್ಟರು. ಎರಡನೆಯ ಅರ್ಜಿಯ ಒಂದೊಂದು ಸಾಲನ್ನೂ ನಾನು ಕನ್ನಡದಲ್ಲಿ ಹೇಳಬೇಕೆಂದು ಅಪ್ಪಣೆಯಾಯಿತು. ಕೋರ್ಟಿನ ಕಾಂಪೌಂಡಿನ ಮರದ ಕೆಳಗೆ, ಟೈಪಿಸ್ಟಿನ ಮೇಜಿನ ಪಕ್ಕ ಎಲ್ಲರೂ ನಿಂತೆವು. ನಾನು ಓದಿದೆ: ದಂಪತಿಗಳ ಇಬ್ಬರು ಮಕ್ಕಳೂ ತಾಯಿಯ ಬಳಿಯೇ ಇರತಕ್ಕದ್ದು.

ಚಿಕ್ಕಪ್ಪ ಚಿಕ್ಕಮ್ಮನ ಬೆನ್ನ ಹಿಂದೆ ಬಗ್ಗಿ ನೋಡಿದರು. ಅವರಿಗೆ ಮಕ್ಕಳೇ ಇರಲಿಲ್ಲ. ಟೈಪಿಸ್ಟು ಬೇರೆ ಯಾರದೋ ಹಳೆಯ ಅರ್ಜಿಯನ್ನು ಮುಂದಿಟ್ಟುಕೊಂಡು ಹೊಡೆಯುತ್ತ, ಹೆಸರು ಬದಲಿಸಿ, ಮಕ್ಕಳನ್ನು ಹಾಗೇ ಉಳಿಸಿದ್ದ.

"ಇರ್ಲಿ ಬಿಡ್ರೀ," ಎಂದರು ಚಿಕ್ಕಮ್ಮ. "ಕಾಗದದಲ್ಲಾದ್ರೂ ಇರ್ಲಿ."

ನಗುವುದಕ್ಕೆ ಬಾಯಿ ತೆರೆದಿದ್ದ ನಾನು ಮುಚ್ಚಿಕೊಂಡೆ. ಟೈಪಿಸ್ಟು ಹಾಳೆಯನ್ನು ಮತ್ತೆ ಯಂತ್ರಕ್ಕೇರಿಸಿ ಆ ಸಾಲಿನ ಮೇಲೆ ಟಕಟಕ ಅಡ್ಡಗೀಟು ಹೊಡೆದ.

ಮುಂದಿನ ಸಾಲು ಇನ್ನೂ ಕಷ್ಟದ್ದು. ಬೇರೆಯಾದ ಮೇಲೆ ಇವರು ಒಂದು ದಿನವೂ ಒಂದೇ ಮನೆಯಲ್ಲಿ ಇದ್ದಿರುವುದಿಲ್ಲ.

"ಇದು ತಪ್ಪು," ಎಂದರು ಚಿಕ್ಕಪ್ಪ.

ತಪ್ಪೇ ಆಗಿತ್ತು. ಹುಳ ಹಣ್ಣಾದಾಗ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾದಾಗ, ಒಂದೊಂದನ್ನೇ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಗೂಡು ಕೆಡುತ್ತದೆ. ಊರಿನಲ್ಲಿ ಆ ಕೆಲಸಕ್ಕೆ ಚಿಕ್ಕಮ್ಮನಷ್ಟು ಚುರುಕು ಕೈ ಇನ್ನೊಂದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಬರುವ ಜಂಗಮಕೋಟೆಯವರಿಂದ ಸುದ್ದಿ ತಿಳಿದದ್ದೇ ಅವರು ಬಸ್ಸು ಹತ್ತುತ್ತಿದ್ದರು. ಎರಡು ಮೂರು ದಿನ ಇದ್ದು, ಹುಳ ಆರಿಸಿ, ಅಡುಗೆಯನ್ನೂ ಮಾಡಿಟ್ಟು ತವರಿಗೆ ಹಿಂದಿರುಗುತ್ತಿದ್ದರು. ಎಂಟು ಬೆಳೆಗೂ ಹೀಗೇ ನಡೆದಿತ್ತು.

ವಕೀಲರು ಬೆವರು ಒರೆಸಿಕೊಂಡರು. "ಜಡ್ಜು ಕೇಳಿದ್ರೆ ಇಲ್ಲ ಅನ್ನಿ, ಅಷ್ಟೆ."

"ಬರ್ತಿದ್ಳಲ್ಲ ಸಾರ್."

"ಹುಳಕ್ಕೆ ಬಂದ್ರೆ ಅದು ಸಂಸಾರ ಅಲ್ಲ ರೀ."

"ಮತ್ತೆ ಸಂಸಾರ ಅಂದ್ರೆ ಏನು ಸಾರ್?"

ವಕೀಲರು ಮತ್ತೆ ಬೆವರು ಒರೆಸಿಕೊಂಡರು.

ಚಿಕ್ಕಮ್ಮನ ಕಣ್ಣು ತುಂಬಿತ್ತು. "ನಿಮ್ಮ ನಿಜಕ್ಕೆ ನಾನು ಇನ್ನೂ ಎಷ್ಟು ಸಲ ಸೋಲ್ಲಿ?" ಎಂದರು. ಚಿಕ್ಕಪ್ಪ ನೆಲ ನೋಡಿದರು, ಸಹಿ ಮಾತ್ರ ಹಾಕಲಿಲ್ಲ. ಕೊನೆಗೆ ವಕೀಲರು ದಾರಿ ಹೇಳಿದರು. ಇವತ್ತಿನಿಂದ ಒಂದು ವರ್ಷ ಪೂರ್ತಿ ಬೇರೆ ಇರಿ, ಆಮೇಲೆ ಇದೇ ಸಾಲಿಗೆ ಸಹಿ ಹಾಕಿ, ಅರ್ಜಿ ಕೊಟ್ಟ ಮೇಲೆ ಮತ್ತೆ ಆರು ತಿಂಗಳು ಕಾಯಬೇಕಾಗುತ್ತದೆ ಎಂದರು. ಟೈಲರು ಕಾಯುತ್ತೇನೆಂದು ಹೇಳಿ ಕಳಿಸಿದರು. ಎಲ್ಲರಿಗೂ ಅನುಮಾನ ಚಿಕ್ಕಮ್ಮನ ಮೇಲೇ. ಹುಳ ಹಣ್ಣಾಗಿದೆ ಎಂದು ಕೇಳಿದರೆ ತಮ್ಮಿಂದ ಕೂತಿರಲಾಗುವುದಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು.

ಚಿಕ್ಕಪ್ಪ ಊರಿಗೆ ಹೋಗಿ ತಟ್ಟೆಗಳನ್ನು ತೊಳೆದು, ಒಣಗಿಸಿ, ಗೋಡೆಗೆ ಒರಗಿಸಿಟ್ಟರು. ಹುಳ ತರಲಿಲ್ಲ. ಮುಂದಿನ ಬೆಳೆಗೂ ತರಲಿಲ್ಲ. ಹಿಪ್ಪುನೇರಳೆ ಆಳೆತ್ತರ ನಿಂತಿತ್ತು, ಬಾವಿಯಲ್ಲಿ ನೀರು ಕೈಗೆಟುಕುವಷ್ಟಿತ್ತು. ಅಂಥ ಸೊಪ್ಪನ್ನೆಲ್ಲ ಅಕ್ಕಪಕ್ಕದವರಿಗೆ ಮಾರಿದರು. ಇವನಿಗೆ ತಲೆ ಕೆಟ್ಟಿದೆ ಎಂದು ಊರು ಮಾತಾಡಿಕೊಂಡಿತು. ನಾನು ಒಮ್ಮೆ ಹೋದಾಗ ಆ ಮನೆಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತಿತ್ತು. ನಿದ್ದೆ ಬರುತ್ತಿದೆಯೇ ಎಂದು ಕೇಳಿದೆ. "ಇಲ್ಲಪ್ಪ," ಎಂದರು. "ಪಕ್ಕದಲ್ಲಿ ಯಾರೂ ಸೊಪ್ಪು ಅಗಿಯಲ್ವಲ್ಲ."

ಆ ವರ್ಷವೂ ಮೇಲಿನ ಆರು ತಿಂಗಳೂ ಕಳೆದು ಬಂದ ಕೊನೆಯ ದಿನ ನಾನು ಕೋರ್ಟಿನ ಒಳಗೇ ಇದ್ದೆ. ಈ ಅವಧಿಯಲ್ಲಿ ಹೆಂಡತಿ ಮನೆಗೆ ಬಂದಿದ್ದರೇ ಎಂದು ಜಡ್ಜು ಕೇಳಿದರು. ಇಲ್ಲವೆಂದರು ಚಿಕ್ಕಪ್ಪ. ಖಂಡಿತವೇ ಎಂದು ಮತ್ತೆ ಕೇಳಿದರು.

"ಹುಳಾನೇ ಇರ್ಲಿಲ್ಲ ಸ್ವಾಮಿ."

ಜಡ್ಜು ವಕೀಲರನ್ನು ನೋಡಿದರು. ವಕೀಲರು ಫ್ಯಾನು ನೋಡಿದರು. ವಿಚ್ಛೇದನ ಆಯಿತು.

ಹೊರಗೆ ಚಿಂತಾಮಣಿಯ ಬಸ್ಸಿಗೆ ಕಾಯುತ್ತಿದ್ದೆವು. ಚಿಕ್ಕಮ್ಮ ಅಂದು ಉಟ್ಟಿದ್ದು ಅದೇ ಬಾಡಿದ ಸೊಪ್ಪಿನ ಬಣ್ಣದ ಸೀರೆ ಎಂದು ನನ್ನ ನೆನಪು. ಅಲ್ಲ ಎನ್ನುತ್ತಾರೆ ಅವರು. ಅದಿರಲಿ. ಬಸ್ಸು ದೂರದಲ್ಲಿ ಕಂಡಾಗ ಅವರು ಚಿಕ್ಕಪ್ಪನ ಕಡೆ ತಿರುಗಿದರು.

"ಇಷ್ಟು ದಿನ ಒಂದು ಬೆಳೇನೂ ಹಾಕ್ಲಿಲ್ವಂತೆ. ಯಾಕ್ರೀ?"

ನನ್ನ ಚಿಕ್ಕಪ್ಪ, ಸತ್ತವರ ಮುಂದೆಯೂ ನಿಜ ನುಡಿದವರು, ಬಸ್ಸಿನ ಕಡೆ ನೋಡುತ್ತ ಹೇಳಿದರು. "ಸೊಪ್ಪೇ ಸರಿಯಾಗಿ ಬರ್ಲಿಲ್ಲ."

ಮಾರ್ಕೆಟ್ಟಿಗೆ ಬರುವ ಜಂಗಮಕೋಟೆಯವರಿಂದ ಆ ಸೊಪ್ಪಿನ ಸುದ್ದಿಯೆಲ್ಲ ಕೇಳಿದ್ದ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು.

"ಹೂಂ. ಬಾವೀಲಿ ನೀರಿರ್ಲಿಲ್ಲ ಅಂತ ಕೇಳ್ದೆ."

ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ತಿದ್ದಲಿಲ್ಲ.