ಮಾವನ ಕ್ಲಚ್ಚು, ಹಿಂದಿನ ಸೀಟಿನ ಅಕ್ಕಿ ಚೀಲ

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಕಾರು ಓಡಿಸಿದವರು ರಾಯಚೂರಿನಲ್ಲಿ ಮತ್ತೊಬ್ಬರಿಲ್ಲ. ಅವರಷ್ಟು ಕಡಿಮೆ ದೂರ ಹೋದವರೂ ಇಲ್ಲ.

ಕಾರು ನನಗಿಂತ ಹಿರಿಯದು. ಅತ್ತೆ ದೇವದುರ್ಗದ ತವರಿನಿಂದ ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲೇ. ಈಗ ಅವರಿಗೆ ಕಾಯಿಲೆ. ಒಮ್ಮೆ ಅದೇ ಕಾರಿನಲ್ಲಿ ತವರಿಗೆ ಹೋಗಿಬರುವ ಆಸೆ. ಅಡ್ಡ ನಿಂತದ್ದು ಕ್ಲಚ್ಚು. ಅದರ ಪ್ಲೇಟಿಗೆ ಲೈನಿಂಗ್ ಎಂಬ ಪದರವಿರುತ್ತದೆ. ಅದು ಸವೆದರೆ ಇಂಜಿನ್ ಭಾಷಣ ಮಾಡುತ್ತದೆ, ಕಾರು ಸಭಿಕರ ಹಾಗೆ ಕೂತಲ್ಲೇ ಕೂತಿರುತ್ತದೆ. ಆ ಕಾರಿನ ಲೈನಿಂಗ್ ಈಗ ಎಲ್ಲೂ ಸಿಗದು. ಆದಕಾರಣ ಮಾವ ವಿಜ್ಞಾನಿಯಾದರು.

ಪರೀಕ್ಷಾ ಕೇಂದ್ರ, ಕಲ್ಲೂರಿನಾಚೆಯ ಕಾಲುವೆ ಏರು. ಮೊದಲು ಎಮ್ಮೆ ತೊಗಲು ಹಾಕಿದರು. ಅರ್ಧ ಏರಿಗೇ ಸುಟ್ಟ ವಾಸನೆ. ಆ ಸಂಶೋಧನೆಯನ್ನು ನಾಯಿಗಳು ಮಾತ್ರ ಮನಸಾರೆ ಮೆಚ್ಚಿ ನಮ್ಮ ಹಿಂದೆ ಬಂದವು. ಆಮೇಲೆ ಮಾನ್ವಿಯ ಅಕ್ಕಿ ಗಿರಣಿಯ ಹಳೇ ಬೆಲ್ಟು. ರಬ್ಬರು ಕರಗಿ ಅಂಟಿಕೊಂಡು ಕ್ಲಚ್ಚು ಬಿಡಲೇ ಒಲ್ಲದು. ಕೊನೆಗೆ ಒಂದು ಹುಲ್ಲಿನ ಬಣವೆಯ ಸಹಕಾರದಿಂದ ನಿಂತೆವು.

ಪ್ರತಿ ಸಲವೂ ಗೇರ್‌ಬಾಕ್ಸ್ ಬಿಚ್ಚಿ ಇಳಿಸಿ ಕ್ಲಚ್ಚು ತೆಗೆಯುವ ಪುಣ್ಯಕಾರ್ಯ ಮೆಕಾನಿಕ್ ಚಾಚಾನದು.

"ಸಾಬ್, ಇದಕ್ಕ ಬೋಲ್ಟ್ ಯಾಕ್ರೀ? ಬಾಗಿಲಾ ಚಿಲಕಾ ಇಡ್ತೀನಿ."

"ಇಡು. ಒಳಗಿಂದೂ ಒಂದು ಇಡು. ಹೆಂಗೂ ಒಳಗ ಇರಾಂವ ನೀನ."

ಹಿಂದಿನ ಸೀಟಿನ ಎಡಗಡೆ ಸದಾ ಒಂದು ಅಕ್ಕಿ ಚೀಲ, ಅದರ ಬೆನ್ನಿಗೆ ದಿಂಬು. ಒಮ್ಮೆ ಅಲ್ಲಿ ಕೂರಲು ಹೋಗಿ ಬೈಸಿಕೊಂಡೆ. "ಲೇ, ಅದು ನಿಮ್ಮತ್ತಿ ಜಾಗ."

ಚೀಲ ಅತ್ತೆಯ ತೂಕದ್ದು. ಪ್ರತಿ ಪರೀಕ್ಷೆಗೂ ಮುಂಚೆ ಅತ್ತೆಯನ್ನು ತೂಗಿ, ಚೀಲವನ್ನು ಅಷ್ಟಕ್ಕೇ ಸರಿಮಾಡುತ್ತಿದ್ದರು.

"ನನ್ನ ಏನು ಸಂತ್ಯಾಗ ಮಾರಾಕ ಒಯ್ತೀರಿ?" ಅನ್ನುತ್ತಿದ್ದರು ಅತ್ತೆ.

"ಸುಮ್ನ ನಿಂದ್ರು. ಮುಳ್ಳು ಅಳ್ಳಾಡ್ತದ."

ಮೊನ್ನೆ ಲಾರಿಯ ಬ್ರೇಕ್ ಲೈನಿಂಗನ್ನು ಕತ್ತರಿಸಿ, ತೆಳ್ಳಗೆ ಉಜ್ಜಿ ಕೂಡಿಸಿದರು. ಹೊಗೆಯಿಲ್ಲ, ವಾಸನೆಯಿಲ್ಲ. ಕಾರು ಏರು ಹತ್ತಿಯೇಬಿಟ್ಟಿತು!

"ಗೆದ್ದಿರಿ ಮಾವ. ನಾಳೆನ ಅತ್ತಿನ್ನ ಕರ್ಕೊಂಡು ದೇವದುರ್ಗಕ್ಕ ಹೋಗೂಣು."

ಮಾವ ಹಿಂದೆ ತಿರುಗಿ ಚೀಲ ನೋಡಿದರು. ನಾನೂ ನೋಡಿದೆ. ಮೊದಮೊದಲು ಸೆಟೆದು ಕೂರುತ್ತಿದ್ದ ಚೀಲ ಈಗ ಕುಗ್ಗಿ, ಮೂಲೆಗೆ ಒರಗಿತ್ತು. ಪ್ರತಿ ಸಲವೂ ಅದರಿಂದ ಅಕ್ಕಿ ತೆಗೆಯುವುದನ್ನು ಕಂಡಿದ್ದೆ. ಯಾಕೆಂದು ಮಾತ್ರ ಯೋಚಿಸಿರಲಿಲ್ಲ.

"ಇದು ಲೆಕ್ಕಕ್ಕಿಲ್ಲ," ಅಂದರು. "ಭಾರ ಕಮ್ಮಿ ಅದ."

ಇಳಿದು ಡಿಕ್ಕಿ ತೆಗೆದರು. ಇಷ್ಟು ದಿನ ತೆಗೆದ ಅಕ್ಕಿಯೆಲ್ಲ ಅಲ್ಲೇ ಒಂದು ಗಂಟಿನಲ್ಲಿತ್ತು. ಕಾರು ಅದನ್ನೂ ಹೊತ್ತೇ ಏರಿತ್ತು; ಮಾವನ ಲೆಕ್ಕಕ್ಕೆ ಮಾತ್ರ ಅದು ಸೇರಿರಲಿಲ್ಲ. ಬೊಗಸೆ ಬೊಗಸೆಯಾಗಿ ಅದನ್ನು ಮತ್ತೆ ಚೀಲಕ್ಕೆ ತುಂಬಿದರು.

"ನಿಮ್ಮತ್ತಿ ಮೊದಲಿನಂಗ ಆಗಿ ಬರಾಕಿ. ಅಷ್ಟು ತೂಕಕ್ಕ ತಡೀಬೇಕು ಇದು."

ಬಾಯಿ ಕಟ್ಟಿ, ದಿಂಬು ಸರಿಮಾಡಿ, ಕಾರನ್ನು ಮತ್ತೆ ಏರಿನ ಬುಡಕ್ಕೆ ಇಳಿಸಿದರು. ನಾನು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ, ಚೀಲ ವಾಲದಂತೆ ಹಿಡಿದುಕೊಂಡು ಕೂತೆ.