ನನ್ನ ಕಾರ್ಬನ್ ಹ್ಯಾಂಡಲ್ಲೂ ಚಾಮರಾಜನಗರದ ಮೀಟಿಂಗೂ

ಮಣಿಕಟ್ಟು ನೋವು ಬಂದರೆ ಎಲ್ಲರೂ ಮಣಿಕಟ್ಟಿಗೆ ಔಷಧಿ ಹಚ್ಚುತ್ತಾರೆ. ನಾನು ಆರೋಗ್ಯ ಇಲಾಖೆಯವಳು, ರೋಗದ ಮೂಲಕ್ಕೇ ಕೈ ಹಾಕುವವಳು. ನನ್ನ ನೋವಿನ ಮೂಲ ಸೈಕಲ್ಲಿನ ಹ್ಯಾಂಡಲ್ ಎಂದು ಪತ್ತೆ ಹಚ್ಚಿದೆ. ಹ್ಯಾಂಡಲ್ಲನ್ನೇ ಬದಲಿಸಲು ತೀರ್ಮಾನಿಸಿದೆ. ತೀರ್ಮಾನ ಸರಿಯಾಗೇ ಇತ್ತು. ಈಗಲೂ ಹಾಗೇ ಹೇಳುತ್ತೇನೆ!

ಆಗ ನಾನು ತೆರಕಣಾಂಬಿಯಲ್ಲಿ ನರ್ಸಮ್ಮ. ಸುತ್ತಲಿನ ಊರುಗಳ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿ ಬರುವುದು ಕೆಲಸ. ನನ್ನ ತಮ್ಮ ನಂಜುಂಡ ಹಡಗಿನಲ್ಲಿ ಅಡುಗೆ ಕೆಲಸ ಸಿಕ್ಕಿ ಹೊರಟಾಗ ತನ್ನ ಮೌಂಟನ್ ಬೈಕನ್ನು ನಮ್ಮ ಜಗಲಿಯ ಮೇಲೆ ಬಿಟ್ಟುಹೋಗಿದ್ದ. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್, ನೋಡಲು ಪುಟ್ಟ ಟ್ರ್ಯಾಕ್ಟರ್! ನಾನು ಚೂಡಿದಾರ್ ಹೊಲಿಸಿಕೊಂಡು ಅದನ್ನು ಹತ್ತಿದೆ. ಮೊದಲು ಊರು ಕೆಲಸ ಬಿಟ್ಟು ನೋಡಿತು. ಆಮೇಲೆ ಜಗಲಿ ಜಗಲಿಯಲ್ಲಿ ಮಾತಾಡಿತು. ಕೊನೆಗೆ, "ನರ್ಸಮ್ಮ, ಸೈಕಲ್ ಅದಲ್ಲ, ಅಂಗೇ ನಮ್ಮ ಮಗೀನೂ ನೋಡ್ಕಂಡೋಗಿ" ಎಂದಿತು.

ಒಪ್ಪದೆ ಉಳಿದವರು ಇಬ್ಬರೇ. ಒಬ್ಬರು ನಮ್ಮ ಯಜಮಾನರು. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಗುಮಾಸ್ತರು, ದೇವರು ಮನುಷ್ಯನನ್ನು ಬಸ್ಸಿಗಾಗಿಯೇ ಸೃಷ್ಟಿಸಿದ್ದಾನೆ ಎಂದು ನಂಬಿದವರು. ಇನ್ನೊಬ್ಬರು ಚಾಮರಾಜನಗರದ ನಮ್ಮ ಸಾಹೇಬರು. ಒಮ್ಮೆ ತಿಂಗಳ ಮೀಟಿಂಗಿಗೆ ನಾನು ಸೈಕಲ್ಲಿನಲ್ಲಿ ಹೋಗಿ ತಡವಾದಾಗ ಎಲ್ಲರೆದುರು ಹೇಳಿದ್ದರು: "ಗೌರಮ್ಮ, ಇನ್ನೊಂದು ಸಲ ಸೈಕಲ್ಲಲ್ಲಿ ಬಂದು ಲೇಟಾದ್ರೆ, ಸೈಕಲ್ಲೇ ಹೋಗದ ಜಾಗಕ್ಕೆ ವರ್ಗ ಮಾಡಿಸ್ತೀನಿ!"

ತಡವಾದದ್ದು ನನ್ನಿಂದಲ್ಲ, ಮಣಿಕಟ್ಟಿನಿಂದ. ರಸ್ತೆಯ ಒಂದೊಂದು ಕಲ್ಲೂ ಆ ಕಬ್ಬಿಣದ ಹ್ಯಾಂಡಲ್ ಮೂಲಕ ನನ್ನ ಮೂಳೆಗೆ ಸುದ್ದಿ ಮುಟ್ಟಿಸುತ್ತಿತ್ತು. ಅಲ್ಲಲ್ಲಿ ಇಳಿದು ಕೈ ಕೊಡವಬೇಕಾಗುತ್ತಿತ್ತು.

ಇಂಥ ಹೊತ್ತಿನಲ್ಲೇ ಗುಂಡ್ಲುಪೇಟೆಯ ಎಳನೀರು ಅಂಗಡಿಯ ಮುಂದೆ ಊಟಿಗೆ ಸೈಕಲ್ಲಿನಲ್ಲಿ ಹೊರಟಿದ್ದ ಒಬ್ಬ ಪರದೇಶದ ಹೆಂಗಸು ಸಿಕ್ಕಳು. ಅವಳ ಹ್ಯಾಂಡಲ್ ಕಪ್ಪಗೆ, ಬಿದಿರಿನ ಕೊಳಲಿನ ಹಾಗಿತ್ತು. ನನ್ನ ಮಣಿಕಟ್ಟು ತೋರಿಸಿದೆ. ಅವಳು ತನ್ನ ಹ್ಯಾಂಡಲ್ ತಟ್ಟಿ, "ಕಾರ್ಬನ್!" ಎಂದಳು. ಕುಲುಕು ಕೈಗೆ ಬರುವುದಿಲ್ಲ ಎಂದು ಅಭಿನಯ ಮಾಡಿ ತೋರಿಸಿದಳು. ಅಲ್ಲೇ ನನ್ನ ಜನ್ಮ ಪಾವನವಾಯಿತು.

ನಂಜುಂಡ ಫೋನ್ ಮಾಡುವ ದಿನ ಎಸ್‌ಟಿಡಿ ಬೂತಿನಲ್ಲಿ ಕಾದು ಕೂತೆ.

"ಅಕ್ಕ, ಕಾರ್ಬನ್ನಲ್ಲಿ ಎರಡು ಥರ ಅದೆ. ಒಂದು ನೆಟ್ಟಗೆ, ಇನ್ನೊಂದು ಮೇಲಕ್ಕೆ ಬಾಗಿರೋದು. ಯಾವ್ದು ತರ್ಲಿ?"

ಮೇಲಕ್ಕೆ ಬಾಗಿದರೆ ಎತ್ತಿನ ಕೊಂಬಿನಂತೆ ಕಾಣುತ್ತದೆ. ಸರ್ಕಾರಿ ನೌಕರಳಿಗೆ ಅದು ಶೋಭೆಯಲ್ಲ. "ನೆಟ್ಟಗಿರೋದು" ಎಂದೆ.

"ಹ್ಯಾಂಡಲ್ಲು ಸೈಕಲ್ಲಿಗೆ ಕಚ್ಕೊಳೋ ಜಾಗ ಎಷ್ಟು ದಪ್ಪ ಅದೆ?"

ಮೊದಲೇ ಟೈಲರ್ ಟೇಪಿನಲ್ಲಿ ಅಳೆದುಕೊಂಡು ಹೋಗಿದ್ದೆ. ಆದರೆ ನಾನು ಅಳೆದದ್ದು ನನ್ನ ಕೈ ಕಚ್ಚಿಕೊಳ್ಳುವ ಜಾಗವನ್ನು! ಅಲ್ಲಿ ತೆಳು, ನಡುವೆ ದಪ್ಪ ಎಂಬುದು ಯಾರಿಗೆ ಗೊತ್ತಿತ್ತು? ಧೈರ್ಯವಾಗಿ ಅಳತೆ ಹೇಳಿದೆ.

"ಇನ್ನೊಂದು ಮಾತು ಅಕ್ಕ, ಹಾಕ್ವಾಗ ಜಾಸ್ತಿ ಬಿಗಿ ಮಾಡ್..." ಎನ್ನುವಾಗ ಲೈನು ಕಟ್ಟಾಯಿತು.

ಅವನು ಹೇಳಹೊರಟದ್ದು 'ಮಾಡ್ಬೇಡ'. ನಾನು ತಿಳಿದುಕೊಂಡದ್ದು 'ಮಾಡು'. ಅಕ್ಕನ ಮೇಲೆ ಎಷ್ಟು ಕಾಳಜಿ ಎಂದು ಕಣ್ಣು ತುಂಬಿ ಬಂತು.

ಕೇರಳದ ಬತ್ತೇರಿಯ ಕಡೆಯ ಅವನ ಹಡಗಿನ ಗೆಳೆಯನೊಬ್ಬ ಊರಿಗೆ ಹೋಗುವಾಗ ಹ್ಯಾಂಡಲ್ಲನ್ನು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಯಜಮಾನರ ಕೈಗೆ ಕೊಟ್ಟುಹೋದ. ಇವರು ಅದನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಮನೆಗೆ ಬಂದರು.

"ಏನಮ್ಮಿ ಇದು? ಒಳಗೇನೂ ಇಲ್ವಲ್ಲ!"

"ಅದೇ ಅದರ ವಿಶೇಷ. ಕಾರ್ಬನ್ನು!"

"ಕಾರ್ಬನ್ನು ಅಂದ್ರೆ ಇದ್ದಿಲಲ್ವಾ? ಇದ್ದಿಲು ಇಡ್ಕಂಡು ಸೈಕಲ್ ಬುಡ್ತೀಯಾ?"

ಉತ್ತರಿಸುವುದು ನನ್ನ ಘನತೆಗೆ ಕಡಿಮೆ ಎನಿಸಿತು. ಹ್ಯಾಂಡಲ್ ಹಿಡಿದು ಗುಂಡ್ಲುಪೇಟೆಯ ಸೈಕಲ್ ಶಾಪಿನ ಬಸವಣ್ಣನ ಹತ್ತಿರ ಹೋದೆ. ಅವನು ಅದನ್ನು ಮೂಸಿ ನೋಡಿದ. ಉಗುರಿನಲ್ಲಿ ತಟ್ಟಿದ.

"ಕಾರ್ಬನ್ನಾ? ಟೈಪ್ ಹೊಡಿವಾಗ ಹಾಳೆ ಮಧ್ಯ ಮಡುಗ್ತಾರಲ್ಲ, ಅದ್ರಲ್ಲಿ ಮಾಡಿರೋದಾ?"

"ಅಲ್ಲ ಬಸವಣ್ಣ, ಇದು ಕಬ್ಬಿಣಕ್ಕಿಂತ ಗಟ್ಟಿ."

"ಗಟ್ಟಿಯಾಗಿರೋದು ಇಷ್ಟು ಹಗುರ ಇರಕಿಲ್ಲ ಕಣಮ್ಮ. ನಾ ಕೈ ಇಕ್ಕಲ್ಲ. ನಾಳೆ ನೀವು ಬಿದ್ರೆ ಊರೋರು ನನ್ನ ಹಿಡ್ಕತಾರೆ."

"ಹಾಗಾದ್ರೆ ನಾನೇ ಹಾಕ್ಕೋತೀನಿ!" ಎಂದೆ. ಮಕ್ಕಳಿಗೆ ಸೂಜಿ ಹಾಕುವವಳಿಗೆ ಸೈಕಲ್ಲಿಗೆ ಹ್ಯಾಂಡಲ್ ಹಾಕುವುದು ಯಾವ ಲೆಕ್ಕ?

ಮನೆಗೆ ಬಂದು ಹಳೇ ಹ್ಯಾಂಡಲ್ ಬಿಚ್ಚಿದೆ. ಹೊಸದನ್ನು ತೂರಿಸಿದೆ. ಅದು ದೊಡ್ಡವರ ಚಪ್ಪಲಿಯಲ್ಲಿ ಮಕ್ಕಳ ಕಾಲಿನಂತೆ ಅಲ್ಲಾಡಿತು. ಪೌಡರ್ ಡಬ್ಬದ ತಗಡು ಕತ್ತರಿಸಿ ಸುತ್ತಿದೆ. ಈಗ ತೂರಲಿಲ್ಲ. ಕೊಬ್ಬರಿ ಎಣ್ಣೆ ಸವರಿದೆ. ಸರ್ರನೆ ತೂರಿತು. ಎಣ್ಣೆಯಲ್ಲಿ ತೂರಿದ್ದು ಎಣ್ಣೆಯಲ್ಲೇ ಜಾರುತ್ತದೆ ಎಂದು ಆ ಕ್ಷಣ ಹೊಳೆಯಲಿಲ್ಲ. ಅದೇ ಎಣ್ಣೆ ಹಚ್ಚಿ ರಬ್ಬರ್ ಹಿಡಿಗಳನ್ನೂ ಏರಿಸಿದೆ.

ಉಳಿದದ್ದು ಬಿಗಿ ಮಾಡುವುದು. ತಮ್ಮನ ಮಾತು ನೆನೆದು ಸ್ಪ್ಯಾನರ್ ತಿರುಗಿಸಿದೆ. ಸಾಲದೆನಿಸಿ ಸ್ಪ್ಯಾನರ್ ತುದಿಗೆ ಕೊಳಾಯಿ ಪೈಪು ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು ಎಳೆದೆ.

ಟಕ್!

ಒಳಗಿನಿಂದ ಯಜಮಾನರು, "ಏನೋ ಟಕ್ ಅಂತಲ್ಲ?" ಎಂದರು.

"ನಿಮ್ಮ ಮಂಡಿ ಇರಬೇಕು!" ಎಂದೆ.

ಮೀಟಿಂಗಿನ ದಿನ ಬೆಳಿಗ್ಗೆ ಬಿಳೀ ಚೂಡಿದಾರ್ ಇಸ್ತ್ರಿ ಮಾಡಿ ಹಾಕಿಕೊಂಡೆ. ಯಜಮಾನರು ಮಂಡಿಗೆ ರಜೆ ಹಾಕಿದ್ದರು.

"ನಾನೂ ಚಾಮರಾಜನಗರಕ್ಕೆ ಬತ್ತೀನಿ. ಬಸ್ಸಲ್ಲಿ."

"ಏನು ಕೆಲಸ?"

"ನಿನ್ನ ಎತ್ಕಂಡ್ ಬರಕ್ಕೆ ಯಾರಾದ್ರೂ ಇರ್ಬೇಕಲ್ಲ."

ಈ ಮಾತು ಕೇಳಿದ ಮೇಲೆ ಪೆಡಲ್ ತುಳಿದ ರಭಸಕ್ಕೆ ನಾನು ಆಗಲೇ ಊರಾಚೆ ಇದ್ದೆ. ಆಹಾ, ಕಾರ್ಬನ್! ಕಲ್ಲಿನ ಮೇಲೆ ಹೋದರೂ ಬೆಣ್ಣೆಯ ಮೇಲೆ ಹೋದಂತೆ. ಒಂದು ಕಡೆ ಬಸ್ಸು ತರಕಾರಿ ಮೂಟೆ ಹತ್ತಿಸಲು ನಿಂತಿತ್ತು. ಬೆಲ್ ಬಾರಿಸುತ್ತಾ ಅದನ್ನು ದಾಟಿ ಹೋದೆ. ಕಿಟಕಿಯಲ್ಲಿ ಯಜಮಾನರ ಮುಖ ಕಂಡಿತು. ನಾನು ನೋಡಲಿಲ್ಲ. ನೋಡಲಿಲ್ಲ ಎಂಬುದು ಅವರಿಗೆ ಗೊತ್ತಾಗುವಂತೆ ನೋಡಲಿಲ್ಲ!

ಇಳಿಜಾರಿನಲ್ಲಿ ಒಂದು ಹಳ್ಳ ಬಂತು. ಸೈಕಲ್ ಎಗರಿತು. ಎಣ್ಣೆ ತನ್ನ ಕೆಲಸ ಶುರು ಮಾಡಿತು. ಹ್ಯಾಂಡಲ್ ಮೆಲ್ಲಗೆ ಮುಂದಕ್ಕೆ ತಿರುಗಿ, ಬ್ರೇಕಿನ ಹಿಡಿಗಳು ನನ್ನ ಬೆರಳಿಗೆ ಸಿಗದಂತೆ ನೆಲ ನೋಡತೊಡಗಿದವು. ಅವನ್ನು ಹುಡುಕುತ್ತಾ ನಾನೂ ಬಾಗಿದೆ. ಅಷ್ಟರಲ್ಲಿ ಬಲಗಡೆಯ ರಬ್ಬರ್ ಹಿಡಿ ಕಳಚಿ ಕೈಗೇ ಬಂತು. ಅದನ್ನು ಹಿಡಿದು ಗಾಬರಿಯಿಂದ ಕೈ ಬೀಸಿದೆ. ಹಿಂದೆ ಬರುತ್ತಿದ್ದ ಬಸ್ಸಿನವರೆಲ್ಲ ನಾನು ಟಾಟಾ ಮಾಡುತ್ತಿದ್ದೇನೆಂದು ತಿಳಿದು ತಾವೂ ಕೈ ಬೀಸಿದರು!

ಆಮೇಲೆ ಆ 'ಟಕ್'ನ ಅಣ್ಣ ಬಂದ. ಚಟಾರ್! ಹ್ಯಾಂಡಲ್ಲಿನ ಎಡಭಾಗ ನನ್ನ ಕೈಯಲ್ಲಿ, ಬಲಭಾಗ ಸೈಕಲ್ಲಿನಲ್ಲಿ. ಸೈಕಲ್ಲು ತನಗೆ ತೋಚಿದ ಕಡೆ ಹೊರಟಿತು.

ರಸ್ತೆ ಪಕ್ಕದ ಹೊಲದಲ್ಲಿ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸುತ್ತಿದ್ದರು. ಬೇಯಿಸಿದ ನೀರು ಚೆಲ್ಲಲು ಒಂದು ಗುಂಡಿ. ನೀರು ತಣ್ಣಗಾಗಿತ್ತು, ಪುಣ್ಯ. ನಾನು ನೆಟ್ಟಗೆ ಅದರೊಳಗೆ ಹೋದೆ.

ಎದ್ದು ನಿಂತಾಗ ನೆತ್ತಿಯಿಂದ ಪಾದದವರೆಗೆ ಹಳದಿ. ಕೊಪ್ಪರಿಗೆಯ ಪಕ್ಕ ಕೂತಿದ್ದ ಅಜ್ಜಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಕೇಳಿದಳು: "ಯಾವತ್ತು ಕಣವ್ವ ಮದ್ವೆ?"

ಬಸ್ಸು ನಿಂತಿತು. ಯಜಮಾನರು ಓಡಿ ಬಂದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ನಗು ತಡೆಯಲು ಮೀಸೆ ಕಚ್ಚಿಕೊಂಡರು.

"ಹತ್ತು ಕಣಮ್ಮಿ ಬಸ್ಸು. ಸೈಕಲ್ಲ ಮೇಲಕ್ಕಾಕನ."

"ಹತ್ತಲ್ಲ!"

"ಹ್ಯಾಂಡಲ್ಲೇ ಇಲ್ವಲ್ಲಮ್ಮಿ!"

"ಸೈಕಲ್ ಇದೆಯಲ್ಲ!"

ಅಜ್ಜಿಯ ಮಗನ ಹತ್ತಿರ ತಲೆ ಕಳಚಿದ ಒಂದು ಗುದ್ದಲಿ ಕಾವಿತ್ತು. ಕೇಳಿ ಇಸಿದುಕೊಂಡೆ. ಉಳಿದ ತುಂಡನ್ನೂ ತಗಡನ್ನೂ ಬಿಸಾಕಿ ಕಾವನ್ನು ತೂರಿಸಿದರೆ, ಹೇಳಿ ಮಾಡಿಸಿದಂತೆ ಕಚ್ಚಿಕೊಂಡಿತು! ಬ್ರೇಕುಗಳು ತಂತಿಯಲ್ಲಿ ನೇತಾಡುತ್ತಿದ್ದವು. ಚಪ್ಪಲಿಯನ್ನೇ ಬ್ರೇಕು ಮಾಡಿಕೊಂಡು, ಹಳದಿ ನೀರು ತೊಟ್ಟಿಕ್ಕಿಸುತ್ತಾ ಚಾಮರಾಜನಗರ ಪ್ರವೇಶ ಮಾಡಿದೆ. ದಾರಿಯಲ್ಲಿ ಎರಡು ದನ, ಒಂದು ಆಟೋ ಪಕ್ಕಕ್ಕೆ ಸರಿದು ಮರ್ಯಾದೆ ಕೊಟ್ಟವು.

ಒಳಗೆ ಸಾಹೇಬರು ಹಾಜರಿ ಕೂಗುತ್ತಿದ್ದರು. "ಗೌರಮ್ಮ, ತೆರಕಣಾಂಬಿ!"

"ಬಂದೆ ಸಾರ್!"

ಸಾಹೇಬರು ತಲೆ ಎತ್ತಿದರು. ಪೆನ್ನು ಕೆಳಗಿಟ್ಟರು. ನಾನು ಹತ್ತಿರದ ಕುರ್ಚಿ ಎಳೆದುಕೊಂಡೆ.

"ಕೂರಬೇಡಿ! ಹೊಸ ಕುರ್ಚಿ!" ಎಂದು ಕೂಗಿದರು.

"ಲೇಟಾಗಿಲ್ಲವಲ್ಲ ಸಾರ್?" ಎಂದೆ. ನಿಂತೇ.

ಸಾಹೇಬರು ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಗೌರಮ್ಮ, ನೀವು ಸೈಕಲ್ಲಲ್ಲೇ ಓಡಾಡಿ, ಯಾರೂ ತಡೆಯಲ್ಲ. ವರ್ಗಾನೂ ಇಲ್ಲ. ಆದ್ರೆ ದಯವಿಟ್ಟು ಈ ಮೀಟಿಂಗಿಗೆ ಮಾತ್ರ ಬರಬೇಡಿ. ರಿಪೋರ್ಟು ಯಾರ ಕೈಲಾದ್ರೂ ಕಳಿಸಿ."

ಗೆದ್ದೆ! ಈ ಇಲಾಖೆಯಲ್ಲಿ ಮೀಟಿಂಗಿನಿಂದ ಬಿಡುಗಡೆ ಪಡೆದವರು ಇನ್ನೊಬ್ಬರಿದ್ದರೆ ತೋರಿಸಿ ನೋಡೋಣ!

ಹೊರಗೆ ಬರುವಷ್ಟರಲ್ಲಿ ಯಜಮಾನರು ನನ್ನನ್ನು ಕೇಳದೆಯೇ ಸೈಕಲ್ಲನ್ನು ಊರಿಗೆ ಹೊರಟಿದ್ದ ಬಸ್ಸಿನ ಮೇಲೆ ಹಾಕಿಸಿದ್ದರು. ಜಗಳಕ್ಕೆ ಶಕ್ತಿ ಇರಲಿಲ್ಲ, ಹತ್ತಿದೆ. ಕಂಡಕ್ಟರ್ ಕೈ ಅಡ್ಡ ಹಿಡಿದ: "ಸೀಟಲ್ಲಿ ಕೂರ್ಬೇಡಿ ಕಣಮ್ಮ, ಎಲ್ಲಾ ಹಳದಿ ಆಯ್ತದೆ. ಇಂದ್ಗಡೆ ಮೂಟೆ ಅತ್ರ ನಿಂತ್ಕಳಿ."

ಬದನೇಕಾಯಿ ಮೂಟೆಗಳ ನಡುವೆ ತಲೆ ಎತ್ತಿಯೇ ನಿಂತೆ. ಮುಂದಿನ ಸೀಟಿನಲ್ಲಿ ಯಜಮಾನರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಕಂಡಕ್ಟರ್ ನನ್ನ ಕಡೆ ತೋರಿಸಿ, "ಅವ್ರ ಟಿಕೆಟ್ಟೂ ನಿಮ್ದೇನಾ?" ಎಂದು ಕೇಳಿದ.

"ಅವ್ರು ಯಾರೋ ನಂಗೊತ್ತಿಲ್ಲ" ಎಂದರು ಯಜಮಾನರು!

ನನ್ನ ಟಿಕೆಟ್ ನಾನೇ ಕೊಂಡೆ. ಕಂಡಕ್ಟರ್ ಎರಡು ಹರಿದು ಕೊಟ್ಟ. ಒಂದು ಸೈಕಲ್ಲಿಗೆ, ಅದರ ಮೇಲೆ 'ಲಗೇಜು' ಎಂದಿತ್ತು. ಇನ್ನೊಂದು ನನಗೆ. ತಿರುಗಿಸಿ ನೋಡಿದೆ. ಅದರ ಮೇಲೂ 'ಲಗೇಜು' ಎಂದೇ ಇತ್ತು.

ತಿದ್ದಿಸಲು ಹೋಗಲಿಲ್ಲ.